ಹೂವಿನ ಬುಟ್ಟಿಗೆ ಎಷ್ಟು ಅಡಿ?

2025 ಫೆಬ್ರವರಿ 8, ಶನಿವಾರ

ರಜೆ ಇದ್ದರೂ ಬೆಳಿಗ್ಗೆ ಎಂಟಕ್ಕೆಲ್ಲ ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದೆ. ಕಳೆದ ತಿಂಗಳು ನಮ್ಮ ನಗರ ಯೋಜನೆ ತಂಡಕ್ಕೆ ಸೇರಿದ ಹುಡುಗಿ ಟೇಪು, ನೋಟ್‌ಬುಕ್ ಹಿಡಿದು ಕಾಯುತ್ತಿದ್ದಳು. ಹಳೇ ಮಾರ್ಕೆಟ್ ರಸ್ತೆಯೊಂದನ್ನು ಹೊಸದಾಗಿ ಮಾಡುವ ಕೆಲಸ ನಮ್ಮ ಕೈಗೆ ಬಂದಿದೆ. ಕೊನೆಯ ಗೆರೆ ಎಳೆಯುವ ಮೊದಲು ಅವಳಿಗೆ ಬಸವನಗುಡಿಯ ಗಾಂಧಿ ಬಜಾರ್ ತೋರಿಸಬೇಕು ಅನ್ನಿಸಿತ್ತು.

ದಾರಿಯಲ್ಲಿ ಕೇಳಿದಳು: "ಮೇಡಂ, ಸ್ಮಾರ್ಟ್ ಗ್ರೋತ್, ಅಂದ್ರೆ ಊರು ಹೊರಗೆ ಹರಡದೆ ಎಲ್ಲ ಹತ್ತಿರ ಇರೋ ಹಾಗೆ ಬೆಳೆಯೋದು ಅಂತ ಓದಿದ್ದೇನೆ. ನಮ್ಮೂರಲ್ಲಿ ಅದು ಎಲ್ಲಿದೆ?"

ನಾವು ನಡೀತಿರೋ ಜಾಗದಲ್ಲೇ ಇದೆ ಅಂದೆ. 1898ರಲ್ಲಿ ಬೆಂಗಳೂರಿನ ಹಳೇ ಪೇಟೆಗೆ ಪ್ಲೇಗ್ ಬಂದ ಮೇಲೆ, ಗಾಳಿ ಬೆಳಕು ಇರಲಿ ಅಂತ ಬಸವನಗುಡಿ, ಮಲ್ಲೇಶ್ವರಗಳನ್ನು ಅಳತೆ ಹಾಕಿ ಬೆಳೆಸಿದರು. ಮನೆ, ಸ್ಕೂಲು, ಗುಡಿ, ತರಕಾರಿ ಎಲ್ಲ ನಡೆದು ಹೋಗುವಷ್ಟು ಹತ್ತಿರ. ಆಮೇಲೆ ನಾವು ಈ ಪಾಠ ಮರೆತೆವು. 2001ರಿಂದ 2011ರೊಳಗೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಊರು ಹೊರಗೆ ಹೊರಗೆ ಹರಡಿತು. ಹಾಲು ತರೋಕೂ ಸ್ಕೂಟರ್ ತೆಗೆಯಬೇಕಾದ ಬಡಾವಣೆಗಳು ಎಷ್ಟೊಂದು ಬಂದವು, ಅಲ್ವಾ?

ಬಜಾರ್‌ನಲ್ಲಿ ಮರದ ಕೆಳಗೆ ಒಬ್ಬ ಅಜ್ಜಿ ಕನಕಾಂಬರ ಮೊಳ ಹಾಕುತ್ತಿದ್ದರು. ಒದ್ದೆ ಗೋಣಿ, ಅದರ ಮೇಲೆ ಬುಟ್ಟಿ, ಪಕ್ಕದಲ್ಲಿ ನೀರಿನ ಬಕೆಟ್, ಕೂರಲು ಒಂದು ಮಣೆ. ಹುಡುಗಿ ಕೇಳಿಕೊಂಡು ಅಳೆದಳು. ಐದು ಅಡಿ ಉದ್ದ, ಮೂರೂವರೆ ಅಡಿ ಅಗಲ. ಬರೆದುಕೊಂಡಳು. ಅಜ್ಜಿ ಅವಳನ್ನು ನೋಡಿ, "ಹತ್ತು ಗಂಟೆಗೆ ಬಂದು ಅಳೆಯವ್ವ. ಆಗ ನಾನು ಅಲ್ಲಿರ್ತೀನಿ" ಅಂತ ಎದುರಿನ ಮರ ತೋರಿಸಿದರು.

ಕಾಯ್ದೆವು. ಹತ್ತಕ್ಕೆ ಬಿಸಿಲು ಗೋಣಿಯ ಅಂಚಿಗೆ ಬಂತು. ಅಜ್ಜಿ ಎದ್ದು, ಮೊದಲು ಬುಟ್ಟಿ, ಆಮೇಲೆ ಬಕೆಟ್, ಕೊನೆಗೆ ಮಣೆ ಸಾಗಿಸಿದರು. ಬಿಸಿಲು ತಾಗಿದ ಹೂವು ಸಂಜೆವರೆಗೆ ಉಳಿಯಲ್ಲ. ನಮ್ಮ ನಕ್ಷೆಯಲ್ಲಿ ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಪಾರ್ಕಿಗೆ ಹಸಿರು. ನೆರಳಿಗೆ ಯಾವ ಬಣ್ಣವೂ ಇಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಂದು ಮಾರ್ಕೆಟ್ ಯೋಜನೆಯಲ್ಲಿದ್ದೆ. ಫುಟ್‌ಪಾತ್ ವ್ಯಾಪಾರಿಗಳನ್ನೆಲ್ಲ ಹೊಸ ಕಟ್ಟಡದ ಮೊದಲ ಮಹಡಿಗೆ ಕಳಿಸಿದೆವು. ಕಾಗದದ ಮೇಲೆ ತುಂಬ ಚೆನ್ನಾಗಿ ಕಾಣುತ್ತಿತ್ತು. ಆರು ತಿಂಗಳಲ್ಲಿ ಆ ಮಹಡಿಯಲ್ಲಿ ಯಾರೂ ಉಳಿದಿರಲಿಲ್ಲ. ಎರಡು ಕಟ್ಟು ಕೊತ್ತಂಬರಿಗೆ ಯಾರು ಮೆಟ್ಟಿಲು ಹತ್ತುತ್ತಾರೆ? ಸೊಪ್ಪು ಮಾರುತ್ತಿದ್ದ ಒಬ್ಬ ಹೆಂಗಸು ಮೆಟ್ಟಿಲ ಬುಡದಲ್ಲೇ ಕೂತಿದ್ದರು. ನನ್ನನ್ನು ನೋಡಿ ಮುಖ ತಿರುಗಿಸಿದರು. ಆ ಮುಖ ನನಗೆ ಇವತ್ತಿಗೂ ನೆನಪಿದೆ. 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂತು. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಮಂದಿ ವ್ಯಾಪಾರಿಗಳೇ ಇರಬೇಕು ಅಂತ ಅದರಲ್ಲಿ ಇದೆ. ಓದಿದಾಗ ಮೊದಲು ನೆನಪಾದದ್ದು ಅವರೇ.

ಮನೆಗೆ ಬಂದು ನಮ್ಮ ರಸ್ತೆಯ ನಕ್ಷೆ ಹರಡಿದೆ. ಬೆಂಗಳೂರಲ್ಲಿ ಟೆಂಡರ್ ಶ್ಯೂರ್ ಅನ್ನೋ ಯೋಜನೆಯಲ್ಲಿ ಹೊಸದಾಗಿ ಮಾಡಿದ ರಸ್ತೆಗಳ ಹಾಗೆ ಇಲ್ಲೂ ನೀರು, ಒಳಚರಂಡಿ, ಕೇಬಲ್ ಎಲ್ಲ ಫುಟ್‌ಪಾತ್ ಕೆಳಗೆ ಹೋಗುತ್ತವೆ. ಮತ್ತೆ ಮತ್ತೆ ರಸ್ತೆ ಅಗೆಯೋದು ತಪ್ಪಬೇಕಾದರೆ ಇದೇ ಸರಿ ದಾರಿ, ಇದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಒಂದು ಮ್ಯಾನ್‌ಹೋಲ್ ಸರಿಯಾಗಿ ದೊಡ್ಡ ಮರದ ನೆರಳಲ್ಲಿ ಬಿದ್ದಿದೆ. ಅಲ್ಲಿ ಮೂವರು ಹೂವಿನವರು ಕೂರುತ್ತಾರೆ. ಮುಚ್ಚಳ ತೆಗೆದಾಗಲೆಲ್ಲ ಅವರು ಎದ್ದು ಹೋಗಬೇಕು.

ಅದನ್ನು ಪಕ್ಕಕ್ಕೆ ಸರಿಸಬಹುದಾ ಅಂತ ಇಂಜಿನಿಯರ್‌ಗೆ ಫೋನ್ ಮಾಡಿದೆ. "ಪೈಪು ತಿರುಗಿಸಿದರೆ ತಿರುವಿಗೊಂದು ಮ್ಯಾನ್‌ಹೋಲ್ ಬೇಕಾಗುತ್ತೆ ಮೇಡಂ. ಇಳಿಜಾರೂ ನೋಡಬೇಕು" ಅಂದರು. ಅವರು ಹೇಳೋದೂ ಸುಮ್ನೆ ಅಲ್ಲ. ಆದರೆ ಹಿಂದಿನ ಮ್ಯಾನ್‌ಹೋಲಿನಿಂದಲೇ ಲೈನನ್ನು ಆರು ಅಡಿ ಪಕ್ಕಕ್ಕೆ ತಂದರೆ ಆಗಬಹುದು ಅಂತ ನನಗೆ ಅನ್ನಿಸುತ್ತಿದೆ. ಸೋಮವಾರ ಹತ್ತಕ್ಕೆ ಇಬ್ಬರೂ ಆ ಮರದ ಕೆಳಗೆ ಸಿಗುತ್ತೇವೆ. ಅವರು ಇಳಿಜಾರು ಅಳೆಯೋಕೆ ಲೆವೆಲ್ ಮೆಷಿನ್ ತರುತ್ತಾರೆ. ಹುಡುಗಿಗೆ ಸೀಮೆಸುಣ್ಣ ತರೋಕೆ ಹೇಳಿದ್ದೇನೆ, ಗಂಟೆಗೊಮ್ಮೆ ನೆರಳಿನ ಅಂಚು ಗುರುತು ಹಾಕಲು.