ಉಸುಬಾ ಅಪ್‌ಡೇಟ್: ಕೊನೆಗೂ ಸುತ್ತಿಗೆ ಎತ್ತಿದೆ

ಆ ದರಿದ್ರ ಉಸುಬಾ, ಅದೇ ಜಪಾನಿನ ತರಕಾರಿ ಚಾಕು, ಕೊನೆಗೂ ಮಸೆಯೋ ಕಲ್ಲಿನ ಮೇಲೆ ಪೂರ್ತಿ ಕೂತಿತು ಗುರೂ! ಅಗೊ (ಹಿಡಿ ಪಕ್ಕದ ಹಿಮ್ಮಡಿ) ಕಡೆಯಿಂದ ತುದಿ ತನಕ ಕಿರಿಹಾ (ಬಾಯಿ ಕಡೆಗೆ ಇಳಿಜಾರಾಗಿರೋ ಮುಖ) ತುಂಬ ಒಂದೇ ಸಮ ಗೀರು, ನಡುವೆ ನನ್ನನ್ನ ಅಣಕಿಸ್ತಾ ಇದ್ದ ಆ ಹೊಳೆಯೋ ಪ್ಯಾಚು ಮಾಯ. ಖುಷಿ ತಡೀಲಾರ್ದೆ ಹೆಂಡ್ತೀನ ಎಬ್ಬಿಸಿ ತೋರಿಸ್ದೆ, "ಹ್ಞೂಂ, ಚಾಕು" ಅಂದು ಮಗ್ಗುಲು ತಿರುಗಿ ಮಲಗಿದ್ಲು. ಅದಕ್ಕೇ ನಿಮ್ಮ ಹತ್ರ ಬಂದಿದೀನಿ.

ಯಾವ ಚಾಕು ಅಂತ ಮರೆತವರಿಗೆ: ಒಸಾಕದ ಶಿತೆನ್ನೋಜಿ ದೇವಸ್ಥಾನದ ಸಂತೇಲಿ, ಅದೇ ಪ್ರತಿ ತಿಂಗಳು 21, 22ಕ್ಕೆ ನಡೆಯುತ್ತಲ್ಲ, ಅಲ್ಲಿ ಹಳೇ ಕಬ್ಬಿಣದ ರಾಶಿ ಒಳಗೆ ಸಿಕ್ಕಿದ್ದ 195 ಮಿ.ಮೀ. ಕಾಮಾಗಾತಾ. ಟೋಕ್ಯೋ ಕಡೆ ಉಸುಬಾದ ಮೂತಿ ಚೌಕ, ನಮ್ಮ ಕನ್ಸಾಯ್ (ಒಸಾಕ, ಕ್ಯೋಟೋ) ಕಡೇದು ಬೆನ್ನಿಂದ ಇಳಿದು ಮೊನೆ ಮಾಡ್ಕೊಂಡಿರುತ್ತೆ, ಆ ಆಕಾರಕ್ಕೇ ಕಾಮಾಗಾತಾ ಅನ್ನೋದು. 'ಸಕಾಯಿ' (ಒಸಾಕ ಪಕ್ಕದ ಚಾಕು ಮಾಡೋ ಊರು) ಅಂತ ಕೆತ್ತಿರೋದು ಓದೋಕಾಗುತ್ತೆ, ಕೆಳಗಿದ್ದ ಹೆಸರನ್ನ ತುಕ್ಕು ತಿಂದಿದೆ. ತುಕ್ಕು ತೆಗೆದಿದ್ದು, ಮುಕ್ಕು ತೆಗೆದಿದ್ದು, ಹಳೇ ಹಿಡಿ ಒಡೆದಿದ್ದು ಎಲ್ಲಾ ನಿಮಗೆ ಗೊತ್ತಿರೋ ಕಥೆಯೇ, ಬಿಡಿ.

ತಲೆ ತಿಂದಿದ್ದು ಕಿರಿಹಾ. ಸಾವಿರ ಗ್ರಿಟ್ಟಿನ (ಗ್ರಿಟ್ ಅಂದ್ರೆ ಕಲ್ಲಿನ ನುಣುಪಿನ ಅಳತೆ) ಕಲ್ಲಿನ ಮೇಲೆ ಎಷ್ಟು ಮಸೆದ್ರೂ ಅಗೊ ಹತ್ರ ಗೀರು ಬೀಳುತ್ತೆ, ತುದಿ ಹತ್ರ ಬೀಳುತ್ತೆ, ನಡುವೆ ಉದ್ದಕ್ಕೆ ಒಂದು ಮೊಟ್ಟೆ ಆಕಾರದ ಜಾಗ ಮಾತ್ರ ಕಲ್ಲನ್ನ ಮುಟ್ಟಲ್ಲ ಅಂದ್ರೆ ಮುಟ್ಟಲ್ಲ. ಸಕಾಯಿ ಚಾಕು ಮಸೆಯೋ ಯಾರಿಗಾದ್ರೂ ಮೊದ್ಲು ಬರೋ ಅನುಮಾನ ಸಾಣೆ ಚಕ್ರದ್ದು. ಅಲ್ಲಿ ಬಡಿಯೋ ಕಾಜಿ ಬೇರೆ, ಸಾಣೆ ಹಿಡಿಯೋ ತೊಗಿಶಿ ಬೇರೆ, ಹಿಡಿ ಹಾಕೋರು ಇನ್ನೂ ಬೇರೆ, ತೊಗಿಶಿ ದೊಡ್ಡ ಚಕ್ರದ ಮೇಲೆ ಹಿಡಿಯೋದ್ರಿಂದ ಕಿರಿಹಾ ಒಂಚೂರು ಟೊಳ್ಳಾಗೇ ಬರುತ್ತೆ, ಚಪ್ಪಟೆ ಕಲ್ಲಿಗಿಟ್ಟ ತಕ್ಷಣ ಶಿನೋಗಿ (ಕಿರಿಹಾ ಶುರುವಾಗೋ ಏಣು) ಹತ್ರ ಒಂದು ಗೆರೆ, ಬಾಯಿ ಹತ್ರ ಒಂದು ಗೆರೆ ಮಾತ್ರ ಮುಟ್ಟುತ್ತೆ. ಆದ್ರೆ ಆ ಟೊಳ್ಳು ಚಾಕು ಉದ್ದಕ್ಕೂ ಪಟ್ಟಿ ತರ ಓಡ್ಬೇಕು. ನಂದು ನಡುವೆ ಮಾತ್ರ, ಎರಡೂ ಕೊನೇಲಿ ಶಿನೋಗಿಯಿಂದ ಬಾಯಿ ತನಕ ಪೂರ್ತಿ ಮುಟ್ತಾ ಇದೆ. ಚಕ್ರ ಹೀಗೆ ಮಾಡಲ್ಲ.

ಹಾಗಾದ್ರೆ? ಉರಾ, ಅಂದ್ರೆ ಹಿಂದಿನ ಮುಖ, ತಿರುಗಿಸಿ ಅಂಚಿಗೆಲ್ಲಾ ನೀಲಿ ಮಾರ್ಕರ್ ಬಳಿದು, ಚಪ್ಪಟೆ ಮಾಡಿಟ್ಟಿದ್ದ ಫಿನಿಶಿಂಗ್ ಕಲ್ಲಿನ ಮೇಲೆ ಕೈ ಭಾರ ಹಾಕ್ದೆ ಒಂದೆರಡು ಸಲ ಎಳೆದೆ. ನಡುವಿನ ನೀಲಿ ಮಾತ್ರ ಹೋಯ್ತು, ಅಗೊ ಮತ್ತೆ ತುದೀದು ಹಾಗೇ ಇದೆ. ಗಾಜಿನ ಮೇಲೆ ಮಲಗಿಸಿ ಒಂದು ಕೊನೆ ಒತ್ತಿದ್ರೆ ಇನ್ನೊಂದು ಕೊನೆ ಟಕ್ ಅಂತ ಏಳುತ್ತೆ. ಅಂದ್ರೆ ಉರಾ ಉಬ್ಬಿದೆ, ಮುಂದಿನ ಮುಖ ಒಳಗೆ ಬಾಗಿದೆ, ಇಡೀ ಚಾಕುವೇ ಬಿಲ್ಲಾಗಿದೆ. ಮಸೆದು ಸರಿ ಮಾಡೋ ರೋಗ ಅಲ್ಲವೇ ಅಲ್ಲ ಇದು. ಹಠ ಹಿಡಿದು ಮಸೆದ್ರೆ ಎರಡು ಕೊನೇಲೂ ಲೋಹ ಖಾಲಿ ಆಗ್ತಾ ಹೋಗುತ್ತೆ, ಶಿನೋಗಿ ಗೆರೆ ಅಲೆ ಅಲೆ ಆಗುತ್ತೆ, ಅಷ್ಟಾದ್ರೂ ಉರಾ ಉಬ್ಬಿಕೊಂಡೇ ಇರುತ್ತೆ. ಬೇರೆ ಚಾಕು ಆಗಿದ್ರೆ ಹಾಳಾಗ್ ಹೋಗ್ಲಿ ಅನ್ನಬಹುದಿತ್ತು, ಯಾನಾಗಿಬಾದಲ್ಲಿ ಮೀನು ಕುಯ್ಯೋನಿಗೆ ಇಷ್ಟು ಬಾಗು ಗೊತ್ತೂ ಆಗಲ್ಲ. ಉಸುಬಾ ಇರೋದೇ ಕಾತ್ಸುರಾಮುಕಿಗೆ, ದೈಕೋನ್ ಮೂಲಂಗೀನ ತಿರುಗಿಸ್ತಾ ತಿರುಗಿಸ್ತಾ ಒಂದೇ ಉದ್ದ ಹಾಳೆ ತೆಗೆಯೋದಕ್ಕೆ, ಬಾಯಿ ನೆಟ್ಟಗಿಲ್ಲ ಅಂದ್ರೆ ಹಾಳೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಿದು ಕೈಗೆ ಬರುತ್ತೆ.

ಬಾಗಿರೋ ದಿಕ್ಕು ನೋಡಿ ಸಮಾಧಾನನೂ ಆಯ್ತು, ಯಾಕಂದ್ರೆ ಇದು ಈ ತರ ಎರಡು ಲೋಹ ಸೇರಿಸಿ ಮಾಡಿದ ಚಾಕುಗಳ ಹುಟ್ಟುಗುಣ. ಹಿಂದೆ ಪೂರ್ತಿ ಹಾಗಾನೆ, ಅಂದ್ರೆ ಗಟ್ಟಿ ಉಕ್ಕು, ಮುಂದೆ ಜಿಗಾನೆ, ಅಂದ್ರೆ ಮೆತ್ತಗಿನ ಕಬ್ಬಿಣ. ಹದ ಹಾಕುವಾಗ ಗಟ್ಟಿಯಾಗೋದು ಹಾಗಾನೆ ಮಾತ್ರ, ಗಟ್ಟಿಯಾಗ್ತಾ ಅದು ಹಿಗ್ಗುತ್ತೆ, ಜಿಗಾನೆ ಅದರ ಜೊತೆ ಹಿಗ್ಗಲ್ಲ, ಹಿಗ್ಗಿದ ಮೈ ಹೊರಗಾಗಿ ಚಾಕು ಜಿಗಾನೆ ಕಡೆಗೆ ಬಾಗುತ್ತೆ. ಕಾಜಿ ಅದನ್ನ ಬಡಿದು ನೆಟ್ಟಗೆ ಮಾಡ್ತಾನೆ. ಆಮೇಲೆ ತೊಗಿಶಿ ಸಾಣೆ ಹಿಡಿದಷ್ಟೂ ಮತ್ತೆ ಅಲ್ಲಾಡುತ್ತೆ, ಅದಕ್ಕೇ ಅವರ ಪಕ್ಕದಲ್ಲೂ ಒಂದು ಸುತ್ತಿಗೆ ಇದ್ದೇ ಇರುತ್ತೆ, ಸ್ವಲ್ಪ ಹಿಡಿ, ಕಣ್ಣಿಗಿಟ್ಟು ನೋಡು, ಎರಡು ಏಟು, ಮತ್ತೆ ಹಿಡಿ. ಸಾಣೆ ಅಂದ್ರೆ ಅರ್ಧ ಕೆಲಸ ಈ ನೆಟ್ಟಗೆ ಮಾಡೋದೇ ಅಂತ ನಂಗೀಗ ಅನ್ನಿಸ್ತಿದೆ. ವಿಡಿಯೋಗಳಲ್ಲಿ ಈ ಭಾಗ ಕಟ್ ಮಾಡಿ ಕಿಡಿ ಹಾರೋದನ್ನೇ ಹತ್ತು ನಿಮಿಷ ತೋರಿಸ್ತಾರೆ, ಏನ್ ಹೇಳೋದು.

ಉಪಾಯ ಏನೋ ಸುಲಭ: ಒಳಗೆ ಬಾಗಿರೋ ಮುಖಕ್ಕೆ, ಅಂದ್ರೆ ಜಿಗಾನೆಗೆ, ಸಣ್ಣ ಸಣ್ಣ ಏಟು ಹಾಕಿದ್ರೆ ಆ ಮೈ ಹಿಗ್ಗುತ್ತೆ, ಬಾಗು ಬಿಡುತ್ತೆ. ಭಯ ಎಲ್ಲಾ ಹಾಗಾನೆದು. ನನ್ನ ಅಂದಾಜಿನ ಹಾಗೆ ಶಿರೋಗಾಮಿ 2 ಅನ್ನೋ ಉಕ್ಕು ಆಗಿದ್ರೆ ಕಾರ್ಬನ್ 1.05ರಿಂದ 1.15%, ನೀರಲ್ಲಿ ಹದ ಆಗಿರೋದು, ಅದು ಬಗ್ಗಲ್ಲ, ಸೀಳುತ್ತೆ. ಇನ್ನೊಂದು ತಲೆನೋವು, ಉರಾ ಉದ್ದಕ್ಕೆ ಉಬ್ಬಿದ್ರೂ ಅಡ್ಡಕ್ಕೆ ಟೊಳ್ಳು. ಚಪ್ಪಟೆ ಮರದ ಮೇಲೆ ಮಲಗಿಸಿದ್ರೆ ಬೆನ್ನಿನ ಅಂಚು, ಬಾಯಿ ಅಂಚು ಎರಡೇ ತಾಗೋದು, ನಡುವೆ ಕೆಳಗೆ ಗಾಳಿ, ಅಲ್ಲಿ ಹೊಡೆದ್ರೆ ಏಟೆಲ್ಲಾ ಬಾಯಿ ಅಂಚಿನ ತಲೆ ಮೇಲೆ. ಬೆನ್ನಿನ ಹತ್ರಾನೇ ಹೊಡೆದ್ರೆ ಬೆನ್ನು ನೆಟ್ಟಗಾಗುತ್ತೆ, ಬಾಯಿ ಕಡೆ ಬಾಗು ಹಾಗೇ ಉಳಿಯುತ್ತೆ. ಇಲ್ಲೇ ನಾನು ಸುಮಾರು ದಿನ ಸುಮ್ನೆ ಚಾಕು ನೋಡ್ತಾ ಕೂತಿದ್ದು.

ಬಗೆಹರಿಸಿದ್ದು ಒಂದು ಕಾಶಿ ಮರದ ತುಂಡು, ಹೂಂ, ಜಪಾನಿನ ಓಕ್. ನಾರು ನಿಂತಿರೋ ಮುಖಾನ ಉಳಿ, ಸ್ಯಾಂಡ್ ಪೇಪರ್ ಹಾಕಿ ಒಂಚೂರೇ ಉಬ್ಬು ಮಾಡ್ದೆ, ಉರಾದ ಟೊಳ್ಳು ಅದರ ಮೇಲೆ ಸರಿಯಾಗಿ ಬಂದು ಕೂರೋ ಹಾಗೆ. ಪೆನ್ಸಿಲ್ ಪುಡಿ ಬಳಿದು ಇಟ್ಟು ನೋಡು, ತಾಗಿದ ಕಡೆ ಕೆರೆ, ಮತ್ತೆ ಇಟ್ಟು ನೋಡು. ಈಗ ಹಿರಾ (ಬೆನ್ನಿಂದ ಶಿನೋಗಿ ತನಕದ ಚಪ್ಪಟೆ ಮೈ) ಮೇಲೆ ಎಲ್ಲಿ ಹೊಡೆದ್ರೂ ನೇರ ಕೆಳಗೆ ಮರ ಇದೆ, ಬಾಯಿ ಅಂಚು ಮಾತ್ರ ಗಾಳೀಲಿ, ಅದಕ್ಕೆ ಏಟೇ ತಾಗಲ್ಲ. ಮುಖ ದುಂಡಗೆ ಮಾಡ್ಕೊಂಡಿರೋ ಪುಟ್ಟ ಸುತ್ತಿಗೇಲಿ ಬೆನ್ನಿಂದ ಶಿನೋಗಿಗೆ ಒಂದು ಸಾಲು, ಗಾಜಿಗಿಟ್ಟು ನೋಡೋದು, ಇನ್ನೊಂದು ಸಾಲು.

ಜಾಗದ ಸಮಸ್ಯೆ ಬೇರೆ. ನಮ್ಮ ಅಪಾರ್ಟ್‌ಮೆಂಟಿನ ಗೋಡೆ ಎಷ್ಟು ತೆಳು ಅಂದ್ರೆ ಪಕ್ಕದ ಮನೆ ಅಜ್ಜಿ ಸೀನಿದ್ರೆ ನಾನು 'ಚಿರಂಜೀವಿ' ಅಂತೀನಿ. ಯೊದೊಗಾವಾ ದಡಕ್ಕೆ ಹೋಗಿ ಹೊಡೆಯೋಣ ಅಂದ್ರೆ 6 ಸೆಂ.ಮೀ.ಗಿಂತ ಉದ್ದದ ಚಾಕೂನ ಸರಿಯಾದ ಕಾರಣ ಇಲ್ದೆ ಹೊರಗೆ ಹಿಡ್ಕೊಂಡು ಓಡಾಡೋದು ಇಲ್ಲಿ ಕಾನೂನು ಪ್ರಕಾರ ತಪ್ಪು, ಒಂದು ಕೈಲಿ ಸುತ್ತಿಗೆ ಒಂದು ಕೈಲಿ 195ರ ಉಸುಬಾ ಹಿಡಿದು ನಿಂತ ಪರದೇಶಿ "ಜಿಗಾನೆ ಹಿಗ್ಗಿಸ್ತಿದೀನಿ ಸಾರ್" ಅಂದ್ರೆ ಪೊಲೀಸಪ್ಪ ಒಪ್ತಾನಾ? ಭಾನುವಾರ ಮಧ್ಯಾಹ್ನ ಮೇಲ್ಗಡೆ ಮನೆ ವ್ಯಾಕ್ಯೂಮ್ ಶುರುವಾದಾಗ ನಾನೂ ಶುರು, ಅದು ನಿಂತಾಗ ನಾನೂ ನಿಲ್ಲಿಸೋದು. ಪ್ರತಿ ಏಟಿಗೂ ಆ 'ಟಿಂಗ್' ಅನ್ನೋ ಸೀಳೋ ಶಬ್ದ ಬಂತಾ ಅಂತ ಕಿವಿ ನೆಟ್ಟಗೆ. ಬರಲಿಲ್ಲ! ಟಕ್ ಅಂತ ಏಳ್ತಾ ಇದ್ದ ಕೊನೆ ಮೆಲ್ಲಗೆ ಏಳೋದು ಬಿಡ್ತು, ಮಾರ್ಕರ್ ಬಳಿದ್ರೆ ಅಂಚು ಪೂರ್ತಿ ಅಳಿಸಿತು, ಆಮೇಲೆ ಕಿರಿಹಾ ಅಂತೂ ಕಲ್ಲಿಗಿಟ್ಟ ಸ್ವಲ್ಪ ಹೊತ್ತಿಗೇ ಕೂತ್ಬಿಡ್ತು. ಹಿರಾ ಮೇಲೆ ಏಟಿನ ಗುಳಿ ಉಳಿದಿವೆ, ಬಹುಪಾಲು ತೆಗೆದೆ, ಒಂದೆರಡು ಇರಲಿ ಅಂತ ಬಿಟ್ಟೆ, ನಂಗೇನೋ ಚೆನ್ನಾಗೇ ಕಾಣುತ್ತೆ.

ಈಗ ಬೈಗುಳದ ಸರದಿ. ಕಾಸುಮಿ ಅನ್ನೋ ಮಂಜು ಮಂಜು ಫಿನಿಶ್‌ಗೆ ಕ್ಯೋಟೋದ ನ್ಯಾಚುರಲ್ ಕಲ್ಲು ಒಂದನ್ನ ಆನ್‌ಲೈನಲ್ಲಿ ತರಿಸ್ದೆ. ಗಣಿಗಳು ಬಹುತೇಕ ಮುಚ್ಚಿರೋದ್ರಿಂದ ರೇಟು ಕೇಳಬೇಡಿ. ಫೋಟೋ ಎಲ್ಲಾ ನೀರು ಹಾಕಿ ತೆಗೆದಿದ್ದು, ಒದ್ದೆ ಮಾಡಿದ್ರೆ ಯಾವ ಕಲ್ಲಾದ್ರೂ ಮದುಮಗಳೇ. ಬಂದಿದ್ದರಲ್ಲಿ ಅಡ್ಡಕ್ಕೆ ಒಂದು ಗೆರೆ, ಅದು ಜಿಗಾನೆ ಮೇಲೆ ಪರ ಪರ ಗೀಚುತ್ತೆ. ಕೇಳಿದ್ರೆ "ನೈಸರ್ಗಿಕ ಕಲ್ಲಲ್ವಾ, ಹಾಗೇ ಇರುತ್ತೆ" ಅಂತ ತುಂಬಾ ಮರ್ಯಾದೆಯಾಗಿ ಉತ್ತರ. ಮರ್ಯಾದೆಯಾಗಿ ಹೇಳಿದ್ರೆ ಜಗಳನೂ ಆಡೋಕಾಗಲ್ಲ ಈ ದೇಶದಲ್ಲಿ. ಗೆರೇನ ಮೊಳೆ ತುದೀಲಿ ಕೆರೆದು ತಗ್ಗಿಸಿ, ಪಕ್ಕಕ್ಕೆಲ್ಲಾ ನೀರು ಇಳಿಯದ ಹಾಗೆ ಕಾಶ್ಯೂ ಬಳಿದೆ. ಈ ಕಾಶ್ಯೂ ಅನ್ನೋದು ಗೋಡಂಬಿ ಸಿಪ್ಪೆ ಎಣ್ಣೆಯಿಂದ ಮಾಡಿದ ಪೇಂಟು, ಮಂಗಳೂರು ಕಡೆಯವರು ನಗಬೇಡಿ. ಆದ್ರೂ ಕಲ್ಲು ಒಳ್ಳೇದೇ ಅಂತ ಒಪ್ಕೋಬೇಕು. ಆರು ಸಾವಿರ ಗ್ರಿಟ್ಟಿನ ಸಿಂಥೆಟಿಕ್ ಕಲ್ಲಿನ ಮೇಲೆ ಜಿಗಾನೆ, ಹಾಗಾನೆ ಎರಡೂ ಪಳಪಳ ಅಂತಿದ್ವು, ಎರಡರ ಗಡಿಯೇ ಕಾಣ್ತಿರಲಿಲ್ಲ, ಇದರ ಕೆಸರು ತೊಳೀದೆ ಕೈ ಹಗುರ ಮಾಡಿ ಎಳೆದ್ರೆ ಜಿಗಾನೆ ಮಂಜು ಮಂಜಾಗಿ ಕೂತ್ಕೊಳ್ಳುತ್ತೆ, ಹಾಗಾನೆ ಪಟ್ಟಿ ಬೇರೆಯಾಗಿ ಹೊಳೆಯುತ್ತೆ. ಶಿನೋಗಿ ಹತ್ರ ಉಳಿದ ಮೂಲೆಗೆ ಉಚಿಗುಮೋರಿ ಅನ್ನೋ ಕಲ್ಲಿನ ತುಂಡಿಗೆ ವಾಶಿ ಕಾಗದ ಅಂಟಿಸಿ ಬೆರಳಲ್ಲೇ ಉಜ್ಜಿದೆ.

ಅಂಟು ಅಂದಾಗ ನೆನಪಾಯ್ತು, ಮುಂದಿನ ಪ್ರಾಜೆಕ್ಟ್ ಸಾಯಾ, ಇದಕ್ಕೊಂದು ಒರೆ. ಹೋ ಮರದ (ಜಪಾನಿನ ಮ್ಯಾಗ್ನೋಲಿಯಾ) ಎರಡು ಹಲಗೆ ಒಳಗೆ ತೋಡಿ, ಅನ್ನದ ಅಂಟಲ್ಲಿ ಅಂಟಿಸೋದು. ಹೌದು, ಅನ್ನ! ಬೆಂದ ಅನ್ನಾನ ಹಲಗೆ ಮೇಲೆ ಹಾಕಿ ಅರೆದು ಅರೆದು ಮಾಡೋ ಸೊಕುಯಿ, ನಾವು ಸ್ಕೂಲಲ್ಲಿ ಪುಸ್ತಕದ ಲೇಬಲ್‌ಗೆ ಅಗುಳು ಒತ್ತಿ ಅಂಟಿಸ್ತಿದ್ವಲ್ಲ ಅದರ ದೊಡ್ಡಣ್ಣ. ಕತ್ತಿ ಒರೆಗೂ ಇದೇ ಅಂಟು, ಬೇಕಾದಾಗ ಮರ ಒಡೀದೆ ಬಿಚ್ಚಿ ಒಳಗೆ ಕ್ಲೀನ್ ಮಾಡಬಹುದು. ಫೆವಿಕಾಲ್ ಹಾಕಿದ್ರೆ ಆ ದಾರಿ ಬಂದ್. ನಮ್ಮ ಸೋನಾ ಮಸೂರಿ ಇದಕ್ಕೆ ಆಗಲ್ಲ, ಉದುರು ಉದುರು, ಇಲ್ಲಿನ ಗಿಡ್ಡ ಅಕ್ಕೀನೇ ಬೇಕು. ಹೋ ಮರ ಮೆತ್ತಗೆ, ರಾಳನೂ ಕಡಿಮೆ, ಬಾಯಿಗೆ ಗೀರೂ ಬೀಳಲ್ಲ.

ಅದಕ್ಕೆ ಮುಂಚೆ ಹಿಡಿ ಆಗ್ಬೇಕು. ತರಿಸಿದ ಎಂಟು ಮೂಲೆ ಹಿಡೀದು ತೂತು ದೊಡ್ಡದು, ಎಮ್ಮೆ ಕೊಂಬಿನ ಬಳೇಲಿ ಕೂದಲಷ್ಟು ಬಿರುಕು, ವಾಪಸ್ ಕಳಿಸಿದೀನಿ, ಹೊಸದು 'ದಾರೀಲಿದೆ' ಅಂತೆ. ಬಂದ್ರೆ ನಾಕಾಗೊ (ಹಿಡಿ ಒಳಗೆ ಹೋಗೋ ಬಾಲ) ಕಾಯಿಸಿ, ಅಗೊ ಕಡೆ ಹದ ಹೋಗದ ಹಾಗೆ ಒದ್ದೆ ಬಟ್ಟೆ ಸುತ್ತಿ, ಸುಟ್ಟು ಕೂರಿಸ್ಬೇಕು, ಹೊಗೆಗೆ ಫೈರ್ ಅಲಾರಂ ಏನಂತೋ ನೋಡ್ಬೇಕು. ಸದ್ಯಕ್ಕೆ ನಾಕಾಗೊಗೆ ಬಟ್ಟೆ ಸುತ್ಕೊಂಡೇ ಒಂದು ದೈಕೋನ್ ಸುಲಿದು ನೋಡಿದೆ, ಹಾಳೆ ಎರಡೂ ಕಡೆ ಒಂದೇ ದಪ್ಪ ಬರ್ತಿದೆ, ಕೆಳಗಿಟ್ಟ ಪೇಪರಿನ ದೊಡ್ಡ ಅಕ್ಷರ ಕಾಣುತ್ತೆ, ಸಣ್ಣ ಅಕ್ಷರಕ್ಕೆ ನನ್ನ ಕೈ ಇನ್ನೂ ಪಳಗಬೇಕು. ಹಾಗೇ ಮನೇಲಿ ಮೂರು ಹೊತ್ತೂ ಮೂಲಂಗಿ ಹುಳಿ ನಡೀತಿದೆ. ಕನ್ಸಾಯ್ ಕಡೆ ಯಾರಾದ್ರೂ ಇದ್ರೆ ಹೇಳಿ, ನೆಟ್ಟಗೆ ನಾರಿರೋ, ಚೆನ್ನಾಗಿ ಒಣಗಿದ ಹೋ ಹಲಗೆ ತುಂಡು ಲೆಕ್ಕದಲ್ಲಿ ಎಲ್ಲಿ ಸಿಗುತ್ತೆ? ನಾನು ಕೇಳಿದ ಕಡೆಯೆಲ್ಲಾ ಇಡೀ ಮರ ಮಾರೋ ಹಾಗೆ ಮಾತಾಡ್ತಾರೆ.