ಜೇಬಿನಲ್ಲಿದ್ದ ಬೀಗದ ಕೈ

"ಪುಸ್ತಕ ಜೋಡಿಸೋದಕ್ಕೂ ಒಬ್ಬ ಪ್ರೊಫೆಸರ್ ಬೇಕಾ?" ಅಂತ ನನ್ನ ಮಾವನೇ ಒಮ್ಮೆ ಕೇಳಿದ್ದರು. ನಾನೂ ಗ್ರಂಥಾಲಯ ವಿಜ್ಞಾನಕ್ಕೆ ಆಸೆಪಟ್ಟು ಬಂದವನಲ್ಲ. ಗಣಿತದ ಎಂ.ಎಸ್ಸಿ. ಸೀಟು ಸಿಗಲಿಲ್ಲ, ಇದು ಸಿಕ್ಕಿತು, ಅಷ್ಟೇ.

ಅದಕ್ಕೇ ಏನೋ, ಎಸ್.ಆರ್. ರಂಗನಾಥನ್ ಅವರ ಕಥೆ ಹೇಳುವುದೆಂದರೆ ನನಗೆ ಜಾಸ್ತಿ ಖುಷಿ. ಅವರೂ ಮದ್ರಾಸಿನಲ್ಲಿ ಗಣಿತದ ಮೇಷ್ಟ್ರು. 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನಕ್ಕೆ ಬೇಜಾರಾಗಿ, ಪಾಠಕ್ಕೇ ವಾಪಸ್ ಕಳಿಸಿ ಅಂದರಂತೆ. ಲಂಡನ್‌ಗೆ ಹೋಗಿ ಓದಿ ಬನ್ನಿ, ಆಮೇಲೂ ಬೇಡ ಅನಿಸಿದರೆ ನೋಡೋಣ ಅಂತ ಒಪ್ಪಿಸಿದರು. ಅಲ್ಲಿ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆ ಕಂಡಿತು. ಅದೇ ಪಟ್ಟಿ, ಅದೇ ನಟ್ಟು ಬೋಲ್ಟು, ಜೋಡಿಸಿದ ಹಾಗೆ ಬೇರೆ ಬೇರೆ ಆಟಿಕೆ. ಪುಸ್ತಕಗಳನ್ನು ವಿಷಯದ ಪ್ರಕಾರ ವಿಂಗಡಿಸುವ ಅವರ ಪದ್ಧತಿ, ಕೋಲನ್ ವರ್ಗೀಕರಣ, ಅದರ ಯೋಚನೆ ಹೊಳೆದದ್ದು ಅಲ್ಲಿ. 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ಡಿ.ಆರ್.ಟಿ.ಸಿ. ಅನ್ನೋ ಸಂಶೋಧನೆ, ತರಬೇತಿ ಕೇಂದ್ರ ಶುರು ಮಾಡಿದರು.

ಅವತ್ತು ಆಗಸ್ಟ್ 12, ಗ್ರಂಥಪಾಲಕರ ದಿನ. ತರಗತಿಯಲ್ಲಿ ಗ್ರಂಥಾಲಯಕ್ಕೆ ರಂಗನಾಥನ್ ಹೇಳಿದ ಪಂಚಸೂತ್ರಗಳನ್ನು ಹೇಳುತ್ತಿದ್ದೆ. ಮೊದಲನೆಯದು: ಪುಸ್ತಕ ಇರುವುದು ಬಳಸುವುದಕ್ಕೆ. ಹಿಂದೆ ಯೂರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಲ್ಲಿ ಕಟ್ಟಿಡುತ್ತಿದ್ದರು ಅಂತ ರಸವತ್ತಾಗಿ ವರ್ಣಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದಳು.

"ಸರ್, ಆ ಡ್ಯೂಯಿ ಸಂಪುಟ ನೋಡಬಹುದಾ? ಬೀಗ ಹಾಕಿದೆ."

ಡ್ಯೂಯಿ ಅಂದರೆ ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ವಿಂಗಡಿಸುವ ಇನ್ನೊಂದು ಪದ್ಧತಿ. ಇಡೀ ತರಗತಿ ಅದರ ಸಂಪುಟಗಳಿದ್ದ ಗಾಜಿನ ಬೀರುವಿನ ಕಡೆಗೆ ತಿರುಗಿತು. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು.

ನನಗೂ ಕಾರಣ ಇತ್ತು. ಮೊದಲ ಕೆಲಸದಲ್ಲಿ, ಬೇರೊಂದು ಕಾಲೇಜಿನಲ್ಲಿ, ನಾನು ಗ್ರಂಥಪಾಲಕ. ವರ್ಷದ ಸ್ಟಾಕ್ ವೆರಿಫಿಕೇಶನ್‌ನಲ್ಲಿ 11 ಪುಸ್ತಕ ಸಿಗಲಿಲ್ಲ. ದುಡ್ಡು ಸಂಬಳದಲ್ಲಿ ಹಿಡಿದರು. ಮದುವೆಯಾದ ಹೊಸತು ಬೇರೆ. ಅವತ್ತಿಂದ ಎಲ್ಲಿ ಹೋದರೂ ಮೊದಲು ಬೀಗ ಕೊಳ್ಳುತ್ತಿದ್ದೆ. ಆ ಹನ್ನೊಂದರಲ್ಲಿ ಒಂದು ಆಮೇಲೆ ಸಿಕ್ಕಿತು ಅನ್ನಿ. ಹೆಸರಿನಲ್ಲಿ ಮಣ್ಣು ಅಂತಿದ್ದ ಕಾದಂಬರಿ, ಕೃಷಿ ಕಪಾಟಿನಲ್ಲಿ ಆರಾಮಾಗಿ ಕೂತಿತ್ತು. ಅಲ್ಲಿಟ್ಟವನು ಬಹುಶಃ ನಾನೇ. ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಇದನ್ನೆಲ್ಲ ತರಗತಿಯಲ್ಲಿ ಹೇಳಲಿಕ್ಕಾಗುತ್ತದಾ? ಸುಮ್ನೆ ಹೋಗಿ ಬೀಗ ತೆಗೆದೆ. ಮಕ್ಕಳು ಮುಗಿಬಿದ್ದರು. ಉಳಿದ ನಾಲ್ಕು ಸೂತ್ರ ಅವತ್ತು ಹೇಳಲೇ ಇಲ್ಲ.

ಸಂಜೆ ಹಳೇ ಚಾಳಿಯಂತೆ ಎಣಿಸಿದೆ. ಡ್ಯೂಯಿಯ ನಾಲ್ಕು ಸಂಪುಟದಲ್ಲಿ ಮೂರೇ ಇದ್ದವು. ಎದೆ ಧಸಕ್ಕೆಂದಿತು. ಹುಡುಕುತ್ತಾ ಹೋದರೆ ಅದೇ ಹುಡುಗಿ, ಖಾಲಿ ತರಗತಿಯಲ್ಲಿ ಮೂರನೇ ಸಂಪುಟ ಹರಡಿಕೊಂಡು ಏನೋ ಬರೆದುಕೊಳ್ಳುತ್ತಿದ್ದಳು.

"ಸರ್, ಇಂಗ್ಲಿಷ್ ಸಾಹಿತ್ಯಕ್ಕೆ 820ರಿಂದ ಪೂರ್ತಿ ಹತ್ತು ನಂಬರ್. ನಮ್ಮ ಕನ್ನಡ ಎಲ್ಲೋ ಮೂಲೆಯಲ್ಲಿ, 894.814. ಅದೂ ಟರ್ಕಿ, ಹಂಗೇರಿಯವರ ಜೊತೆ. ಇದು ಯಾವ ನ್ಯಾಯ ಸರ್?"

ಕುರ್ಚಿ ಎಳೆದುಕೊಂಡು ಕೂತೆ. ಆರೂವರೆಯ ಬಸ್ಸು ಇಬ್ಬರಿಗೂ ತಪ್ಪಿತು.