ಎಣ್ಣೆಯಲ್ಲಿ ಕರಗುವ ಕಜ್ಜಾಯ: ಬೆಲ್ಲದ ಬೆನ್ನು ಹತ್ತಿದ ಕಥೆ

ಕೊನೆಗೂ ಕಜ್ಜಾಯ ಎಣ್ಣೆಗೆ ಇಳಿದು, ತಳ ಮುಟ್ಟಿ, ಮೇಲೆದ್ದು, ಉಬ್ಬಿ, ಇಡಿಯಾಗಿ ಸೌಟಿಗೆ ಬಂತು. ಇದರಲ್ಲೇನು ಹೆಚ್ಚುಗಾರಿಕೆ ಎಂದು ಕೇಳುವವರು ಕಜ್ಜಾಯ ಮಾಡಿದವರಲ್ಲ, ಬರೀ ತಿಂದವರು. ದೀಪಾವಳಿಗೆ ಇನ್ನೂ ಸಮಯವಿರುವಾಗಲೇ ಈ ಗಂಟು ಬಿಚ್ಚಿಕೊಂಡಿದ್ದರಿಂದ ಬರೆದಿಡುತ್ತಿದ್ದೇನೆ. ಅಕ್ಕಿ ನೆನೆಸುವುದು, ನೆರಳಲ್ಲಿ ಆರಿಸುವುದು, ಜರಡಿ ಹಿಡಿಯುವುದು, ಏಲಕ್ಕಿ ಕುಟ್ಟುವುದು ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನೆಲ್ಲ ಬಿಟ್ಟು ನೇರವಾಗಿ ಪಾಕಕ್ಕೆ ಬರುತ್ತೇನೆ.

ಮೊದಲು ರೋಗದ ಲಕ್ಷಣ. ತಟ್ಟಿದ ಕಜ್ಜಾಯವನ್ನು ಬಾಳೆ ಎಲೆಯಿಂದ ಜಾರಿಸಿ ಬಿಟ್ಟಾಗ ಮೊದಲ ಎರಡು ಕ್ಷಣ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆಮೇಲೆ ಅಂಚಿನ ಗಸಗಸೆ ಕಳಚಿಕೊಂಡು ತೇಲುತ್ತದೆ. ಅಂಚು ತೆಳ್ಳಗಾಗಿ ಅದರಲ್ಲಿ ಸಣ್ಣ ಸಣ್ಣ ತೂತುಗಳು ಮೂಡುತ್ತವೆ. ಎಣ್ಣೆ ನೊರೆ ನೊರೆಯಾಗಿ ಮೇಲೇರುತ್ತದೆ. ನೊರೆ ಇಳಿದ ಮೇಲೆ ನೋಡಿದರೆ ಕಜ್ಜಾಯವಿದ್ದ ಜಾಗದಲ್ಲಿ ಕಂದು ಬಣ್ಣದ ಪುಡಿ ಮಾತ್ರ ಇರುತ್ತದೆ. ಬೆಲ್ಲ ತಳ ಸೇರಿ ಕಪ್ಪಾಗಿ ಸೀದು, ಮುಂದೆ ಹಾಕುವ ಎಲ್ಲದಕ್ಕೂ ಕಹಿ ಹತ್ತಿಸುತ್ತದೆ. ಬಾಣಲೆ ತುಂಬ ಎಣ್ಣೆ ಹಾಳು. ಈಗಿನ ಎಣ್ಣೆಯ ಬೆಲೆಯಲ್ಲಿ ಇದಕ್ಕೆ ಅಳುವುದೋ ನಗುವುದೋ!

ಪರಿಹಾರ ಕೇಳಿದರೆ ಎಲ್ಲರೂ ಹೇಳುವುದು ಒಂದೇ: "ಪಾಕ ಹದವಾಗಿರಬೇಕು." ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಹ ಮಾತು. ಹದ ಎಂದರೆ ಯಾವ ಹದ? ಎಳೆ ಪಾಕವೋ, ಉಂಡೆ ಪಾಕವೋ? ಉಂಡೆಯಾದರೆ ಎಷ್ಟು ಗಟ್ಟಿಯ ಉಂಡೆ? ಬೆರಳಿಗೆ ಸಿಕ್ಕರೆ ಸಾಕೋ, ತಟ್ಟೆಗೆ ಎಸೆದರೆ ಠಣ್ ಎನ್ನಬೇಕೋ?

ಪಾಕಕ್ಕೂ ಮೊದಲು ನನ್ನ ಅನುಮಾನ ಇದ್ದದ್ದು ಹಿಟ್ಟಿನ ಮೇಲೆ. ಅಂಗಡಿಯ ಒಣ ಅಕ್ಕಿ ಹಿಟ್ಟು ಇಲ್ಲಿ ನಡೆಯುವುದಿಲ್ಲ ಎಂಬುದು ಹಳೆಯ ಸಂಗತಿ. ನೆನೆದ ಅಕ್ಕಿಯ ಹಿಟ್ಟಿನೊಳಗೆ ನೀರು ಇರುವುದರಿಂದಲೇ ಬಿಸಿ ಪಾಕ ಬಿದ್ದಾಗ ಪಿಷ್ಟ ಅರೆಬರೆ ಬೆಂದು ಅಂಟು ಕಟ್ಟುತ್ತದೆ. ಸಕ್ಕರೆಯ ಅಂಶ ನೀರನ್ನು ತನ್ನ ಕಡೆಗೇ ಎಳೆದುಕೊಳ್ಳುವ ಜಾತಿ. ಕಾಳಿನೊಳಗೆ ಮೊದಲೇ ನೀರಿಲ್ಲದಿದ್ದರೆ ಪಿಷ್ಟಕ್ಕೆ ಏನೂ ದಕ್ಕುವುದಿಲ್ಲ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಲ್ಲಿ ಮುಟ್ಟಿದರೆ ಉದುರಬೇಕು, ಅಷ್ಟು ತೇವ ಸಾಕು. ಆದರೆ ಒದ್ದೆ ಅಕ್ಕಿ ಹಿಡಿದುಕೊಂಡು ಹಿಟ್ಟಿನ ಗಿರಣಿಗೆ ಹೋಗಿ ನೋಡಿ. ಕಲ್ಲಿಗೆ ಮೆತ್ತಿಕೊಳ್ಳುತ್ತದೆ ಎಂದು ಅಲ್ಲಿಂದಲೇ ಅಟ್ಟುತ್ತಾರೆ. ಮನಸ್ಸು ಕರಗಿ ಬೀಸಿಕೊಟ್ಟರೂ ನಮಗಿಂತ ಮುಂಚೆ ಬಂದವರ ಖಾರದ ಪುಡಿಯ ಪಾಲು ನಮ್ಮ ಹಿಟ್ಟಿಗೂ ಸೇರಿರುತ್ತದೆ. ಖಾರದ ಕಜ್ಜಾಯವನ್ನು ಕೇದಾರೇಶ್ವರ ಒಪ್ಪಿಯಾನು, ಮನೆಯವರು ಒಪ್ಪುವುದಿಲ್ಲ. ಹಾಗಾಗಿ ಮಿಕ್ಸಿಯೇ ಗತಿ. ಜಾರ್ ಬಿಸಿಯೇರಿದರೆ ಹಿಟ್ಟು ಒಣಗುತ್ತದೆ. ಸ್ವಲ್ಪ ಸ್ವಲ್ಪವೇ ಹಾಕಿ, ನಡುವೆ ನಿಲ್ಲಿಸಿ ತಿರುಗಿಸಬೇಕು.

ಹಿಟ್ಟನ್ನು ಇಷ್ಟು ಜೋಪಾನ ಮಾಡಿದ ಮೇಲೂ ಕಜ್ಜಾಯ ಕರಗುತ್ತಿತ್ತು. ಒಂದೇ ಹಿಟ್ಟು, ಒಂದೇ ತೂಕ, ಆದರೆ ಒಮ್ಮೆ ಸರಿ, ಒಮ್ಮೆ ಪುಡಿ. ಅಲ್ಲಿಗೆ ಹಿಟ್ಟು ನಿರಪರಾಧಿ ಎಂದು ಬಿಡುಗಡೆ ಮಾಡಿದೆ.

(ಇಲ್ಲಿ ಒಂದು ಅಡ್ಡ ಮಾತು. ಮುಂದಿನ ಕೆಲಸ ಚಿರೋಟಿ. ಪದರಗಳ ನಡುವೆ ಸವರುವ ಸಾಟಿಗೆ ತುಪ್ಪದ ಜೊತೆ ಅಕ್ಕಿ ಹಿಟ್ಟು ಹಾಕುವುದೋ, ಜೋಳದ ಪಿಷ್ಟ ಹಾಕುವುದೋ ಎಂಬ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ಕರಿಯುವಾಗ ಸೌಟಿನಿಂದ ಬಿಸಿ ಎಣ್ಣೆಯನ್ನು ಮೇಲೆ ಹೊಯ್ಯುತ್ತಾ ಪದರ ಬಿಡಿಸುವುದು ಗೊತ್ತು. ಆದರೆ ನಡುಭಾಗ ಹಸಿಯಾಗಿಯೇ ಉಳಿಯುವ ಕಾಟಕ್ಕೆ ಉರಿ ತಗ್ಗಿಸಬೇಕೋ, ಲಟ್ಟಿಸುವುದನ್ನು ತೆಳ್ಳಗಾಗಿಸಬೇಕೋ? ಅನುಭವಿಗಳು ತಿಳಿಸಿ. ಚಿರೋಟಿ ರವೆ ಆಗಲೇ ಡಬ್ಬಿ ಸೇರಿದೆ, ನನಗೆ ತಾಳ್ಮೆ ಕಡಿಮೆ.)

ಪಾಕಕ್ಕೆ ಬರೋಣ. ಹದವನ್ನು ಅಂಕಿಯಲ್ಲಿ ಹಿಡಿಯಬೇಕೆಂಬ ಹಟದಿಂದ ಕಡ್ಡಿ ಇರುವ ಥರ್ಮಾಮೀಟರ್ ತರಿಸಿದೆ. ಸಕ್ಕರೆ ಪಾಕದಲ್ಲಿ ಮೆತ್ತನೆಯ ಉಂಡೆ ಬರುವುದು ಸುಮಾರು 112ರಿಂದ 116 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂದು ಎಲ್ಲ ಕೋಷ್ಟಕಗಳೂ ಹೇಳುತ್ತವೆ. ಯಾವ ಊರಿನಲ್ಲಿ ಎಂಬುದನ್ನು ಮಾತ್ರ ಹೇಳುವುದಿಲ್ಲ. ಆ ಅಂಕಿಗಳು ಸಮುದ್ರ ಮಟ್ಟದವು. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ಬರೀ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ. ಮಂಗಳೂರಿನವರು 113 ಎಂದರೆ ಬೆಂಗಳೂರಿನವರು 110 ಎಂದು ಓದಿಕೊಳ್ಳಬೇಕು, ಮಡಿಕೇರಿಯವರು ಇನ್ನೂ ಒಂದು ಡಿಗ್ರಿ ಇಳಿಸಬೇಕು. ಥರ್ಮಾಮೀಟರಿನ ಜೊತೆ ಬಂದ ಚೀಟಿಯಲ್ಲಿ "ಕುದಿಯುವ ನೀರಿನಲ್ಲಿಟ್ಟು 100ಕ್ಕೆ ಹೊಂದಿಸಿಕೊಳ್ಳಿ" ಎಂದಿತ್ತು. ಇಲ್ಲಿ ಕೂತು ಆ ಮಾತು ಕೇಳಿದರೆ ಸರಿಯಾಗಿದ್ದ ಯಂತ್ರ ಮೂರು ಡಿಗ್ರಿ ಸುಳ್ಳು ಹೇಳಲು ಕಲಿಯುತ್ತದೆ. ಮಾರಿದವರಿಗೆ ಫೋನ್ ಮಾಡಿ ಇದನ್ನು ವಿವರಿಸಿದೆ. "ನೀರು ಬದಲಾಯಿಸಿ ನೋಡಿ ಸಾರ್" ಎಂದರು. ಕಾವೇರಿ ನೀರನ್ನು ಬದಲಾಯಿಸಿ ಇನ್ನು ಯಾವ ನೀರು ತರಲಿ?

ಎತ್ತರದ ಲೆಕ್ಕ ಕಳೆದ ಮೇಲೂ ಸಮಸ್ಯೆ ಹೋಗಲಿಲ್ಲ. ಅಸಲಿ ಮೋಜು ಶುರುವಾದದ್ದು ಇಲ್ಲಿಂದ. ಎರಡು ಬೆಲ್ಲ ತೆಗೆದುಕೊಂಡೆ. ಒಂದು ಮಂಡ್ಯ ಕಡೆಯ ಆಲೆಮನೆಯಿಂದ ಪರಿಚಯದವರು ತಂದುಕೊಟ್ಟ ಅಚ್ಚು. ಇನ್ನೊಂದು ಅಂಗಡಿಯದ್ದು, "ಸಾವಯವ" ಎಂಬ ಚೀಟಿ ಅಂಟಿಸಿಕೊಂಡು ದುಪ್ಪಟ್ಟು ಬೆಲೆಗೆ ಕೂತಿದ್ದ ಕಪ್ಪು ಬೆಲ್ಲ. ಎರಡನ್ನೂ ಅಷ್ಟಷ್ಟೇ ನೀರು ಹಾಕಿ ಕರಗಿಸಿ, ಸೋಸಿ, ಒಂದೇ ಬಾಣಲೆಯಲ್ಲಿ ಒಂದಾದ ಮೇಲೊಂದು ಕುದಿಸಿ, ಸರಿಯಾಗಿ 110 ಡಿಗ್ರಿಗೆ ಇಳಿಸಿದೆ. ಬಟ್ಟಲ ನೀರಿಗೆ ತೊಟ್ಟು ಬಿಟ್ಟರೆ ಮಂಡ್ಯದ ಬೆಲ್ಲ ಬೆರಳಿಗೆ ಮೆತ್ತನೆಯ ಉಂಡೆಯಾಗಿ ಸಿಕ್ಕಿತು. ಅಂಗಡಿಯ ಬೆಲ್ಲ ತಳದಲ್ಲಿ ಹರಡಿಕೊಂಡು ಅಂಟಂಟಾಗಿ ಕೂತಿತು, ಎತ್ತಲು ಹೋದರೆ ಜಾರಿತು. ಶಾಖ ಒಂದೇ, ಹದ ಬೇರೆ ಬೇರೆ.

ಕಾರಣ ಬೆಲ್ಲದ ಒಳಗಿದೆ. ಬೆಲ್ಲದ ಸಿಹಿಯೆಲ್ಲ ಒಂದೇ ಬಗೆಯದಲ್ಲ. ಹೆಚ್ಚಿನ ಪಾಲು ಸುಕ್ರೋಸ್; ಅದರ ಜೊತೆಗೆ ಸುಕ್ರೋಸ್ ಒಡೆದು ಆದ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಒಂದಷ್ಟು ಇದ್ದೇ ಇರುತ್ತವೆ. ಕಬ್ಬು ಕಡಿದು ದಿನಗಟ್ಟಲೆ ಬಿಟ್ಟು ಅರೆದರೆ, ಕಬ್ಬಿನ ಹಾಲು ಹುಳಿಯಾದರೆ, ಬೆಲ್ಲ ತೇವದಲ್ಲಿ ಕೂತರೆ ಈ ಒಡೆದ ಪಾಲು ಏರುತ್ತದೆ. ಸುಕ್ರೋಸಿನ ಒಂದು ಕಣ ಒಡೆದರೆ ಎರಡು ಕಣಗಳಾಗುತ್ತವೆ. ದ್ರಾವಣದ ಕುದಿಬಿಂದು ಏರುವುದು ಅದರೊಳಗಿನ ಕಣಗಳ ಎಣಿಕೆಯಿಂದ. ಹಾಗಾಗಿ ಒಡೆದ ಸಕ್ಕರೆ ಹೆಚ್ಚಿರುವ ಬೆಲ್ಲದ ಪಾಕದಲ್ಲಿ ಇನ್ನೂ ಬೇಕಾದಷ್ಟು ನೀರು ಉಳಿದಿರುವಾಗಲೇ ಥರ್ಮಾಮೀಟರ್ 110 ತೋರಿಸಿಬಿಡುತ್ತದೆ. ನಾವು ಹದ ಬಂತೆಂದು ಇಳಿಸುತ್ತೇವೆ, ಹಿಟ್ಟು ಕಲಸುತ್ತೇವೆ, ಎಣ್ಣೆಗೆ ಬಿಟ್ಟಾಗ ಆ ಹೆಚ್ಚುವರಿ ನೀರು ಕುದಿದು ಹಿಟ್ಟನ್ನು ಚದುರಿಸುತ್ತದೆ. ಮೇಲಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಬೇಗ ಕೆಂಪಗಾಗುವ ಸ್ವಭಾವದವು; ಒಳಗೆ ಬೇಯುವ ಮೊದಲೇ ಹೊರಗೆ ಬಣ್ಣ ಏರುತ್ತದೆ.

ದೀಪಾವಳಿಯ ದುರದೃಷ್ಟವೂ ಇದರಲ್ಲೇ ಇದೆ. ಹಬ್ಬ ಬರುವುದು ಮುಂಗಾರು ಮುಗಿದು ಹಿಂಗಾರಿನ ಮೋಡ ಕವಿದಿರುವಾಗ. ಆ ಹೊತ್ತಿಗೆ ಅಂಗಡಿಯಲ್ಲಿರುವ ಬೆಲ್ಲದಲ್ಲಿ ಮಳೆಗಾಲವನ್ನೆಲ್ಲ ಗೋದಾಮಿನಲ್ಲಿ ಕಳೆದು ತೇವ ಕುಡಿದು ಬಂದದ್ದೂ ಇರುತ್ತದೆ. ಎಂದು ಮಾಡಿದ ಬೆಲ್ಲ ಎಂದು ಕೇಳಿದರೆ ಅಂಗಡಿಯವರು ನನ್ನ ಮುಖ ನೋಡುತ್ತಾರೆ, ನಾನೇನೋ ಬೆಲ್ಲದ ಜಾತಕ ಕೇಳಿದ ಹಾಗೆ.

ಬಣ್ಣ ನೋಡಿ ತೀರ್ಪು ಕೊಡಬೇಡಿ. ನಿಂಬೆ ಹಳದಿ ಬಣ್ಣ ಬರಲು ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕುತ್ತಾರೆಂಬುದು ನಿಜ, ಅದನ್ನು ದೂರವಿಡಲು ಬೇರೆ ಕಾರಣಗಳಿವೆ. ಆದರೆ ಕಪ್ಪಗಿದ್ದ ಮಾತ್ರಕ್ಕೆ ಕಜ್ಜಾಯಕ್ಕೆ ಒದಗುವ ಬೆಲ್ಲ ಎಂದಲ್ಲ. ನನ್ನ ಕೈಯಲ್ಲಿ ಕರಗಿದ್ದು ಆ ಕಪ್ಪು ಸಾವಯವ ಸುಂದರಾಂಗನೇ. ನಾನು ಈಗ ನೋಡುವುದು ಮುರಿತವನ್ನು. ಅಚ್ಚನ್ನು ಒಡೆದಾಗ ಟಕ್ ಎಂದು ಒಣಗಿದ ಸದ್ದು ಬರಬೇಕು, ಒಡೆದ ಮೈಯಲ್ಲಿ ಸಣ್ಣ ಹರಳುಗಳು ಮಿನುಗಬೇಕು. ಒಡೆಯದೆ ಬಾಗಿದರೆ, ಮುರಿದ ಜಾಗ ನುಣುಪಾಗಿ ಹೊಳೆದು ಬೆರಳಿಗೆ ಅಂಟಿದರೆ ಅದನ್ನು ಅಲ್ಲೇ ಬಿಡಿ. ಅಂಗಡಿಯಲ್ಲಿ ಒಡೆಯಲು ಬಿಡದಿದ್ದರೆ ಕಾಲು ಕಿಲೋ ತಂದು ರಾತ್ರಿಯಿಡೀ ತೆರೆದ ತಟ್ಟೆಯಲ್ಲಿಡಿ. ಬೆಳಿಗ್ಗೆ ಬೆವರಿದ್ದರೆ ಉತ್ತರ ಸಿಕ್ಕಿತು.

ಹಾಗಾದರೆ ಥರ್ಮಾಮೀಟರ್ ಅಟ್ಟಕ್ಕೆ ಎಸೆಯಬೇಕೇ? ಇಲ್ಲ. ಬಟ್ಟಲು ನೀರಿನ ಪರೀಕ್ಷೆಗೂ ಅದರದೇ ಕಷ್ಟವಿದೆ. ನೀವು ತೊಟ್ಟನ್ನು ಉರುಳಿಸುತ್ತಾ ಕೂತಿರುವಾಗ ಒಲೆಯ ಮೇಲಿನ ಪಾಕ ಕಾಯುವುದಿಲ್ಲ. ಮೆತ್ತನೆಯ ಉಂಡೆಯಿಂದ ಗಟ್ಟಿ ಉಂಡೆಗೆ ದಾಟಲು ಅದಕ್ಕೆ ಅರ್ಧ ನಿಮಿಷವೂ ಬೇಡ. ದಪ್ಪ ಕಬ್ಬಿಣದ ಬಾಣಲೆಯಾದರೆ ಉರಿ ಆರಿಸಿದ ಮೇಲೂ ಒಂದೆರಡು ಡಿಗ್ರಿ ಏರುತ್ತದೆ. ದಾಟಿದ ಪಾಕದ ಕಜ್ಜಾಯ ಕರಗುವುದಿಲ್ಲ, ಹಲ್ಲು ಕರಗಿಸುತ್ತದೆ.

ಆದ್ದರಿಂದ ಎರಡನ್ನೂ ಜೋಡಿಸಿದೆ. ಹೊಸ ಬೆಲ್ಲ ಬಂದ ಕೂಡಲೇ ಒಂದು ಹಿಡಿಯಷ್ಟನ್ನು ಮಾತ್ರ ಪಾಕ ಮಾಡಿ, ಒಂದೊಂದು ಡಿಗ್ರಿಗೂ ಉರಿ ಆರಿಸಿ, ನಲ್ಲಿಯ ತಣ್ಣೀರಿಗೆ ತೊಟ್ಟು ಬಿಟ್ಟು ನೋಡುತ್ತೇನೆ. ಉಂಡೆ ನೀರಿನೊಳಗೆ ಆಕಾರ ಹಿಡಿಯಬೇಕು, ಹೊರಗೆ ತೆಗೆದರೆ ಬೆರಳ ಮೇಲೆ ನಿಧಾನವಾಗಿ ಚಪ್ಪಟೆಯಾಗಬೇಕು. ಅದು ಯಾವ ಅಂಕಿಯಲ್ಲಿ ಬಂತೋ ಅದನ್ನು ಬೆಲ್ಲದ ಡಬ್ಬಿಯ ಮೇಲೆ ಬರೆದಿಡುತ್ತೇನೆ. ಆ ಡಬ್ಬಿ ಖಾಲಿಯಾಗುವವರೆಗೆ ಅದೇ ಅಂಕಿ. ಮಂಡ್ಯದ ಬೆಲ್ಲಕ್ಕೆ 110, ಅಂಗಡಿಯ ಬೆಲ್ಲಕ್ಕೆ 114 ಬಂತು. ನಿಮ್ಮ ಬೆಲ್ಲಕ್ಕೆ, ನಿಮ್ಮ ಊರಿಗೆ ಇದು ಬೇರೆಯೇ ಇರುತ್ತದೆ. ನನ್ನ ಅಂಕಿಯನ್ನು ನಕಲು ಮಾಡಬೇಡಿ. ಪಾಕ ಹರಳುಗಟ್ಟದಿರಲೆಂದು ನಿಂಬೆ ರಸ ಹಿಂಡುವ ಅಭ್ಯಾಸ ಇರುವವರು ಇಲ್ಲಿ ಕೈ ಕಟ್ಟಿಕೊಳ್ಳಿ. ಹುಳಿ ಬಿದ್ದರೆ ಸುಕ್ರೋಸ್ ಇನ್ನಷ್ಟು ಒಡೆಯುತ್ತದೆ, ಇಷ್ಟೆಲ್ಲ ಪಟ್ಟ ಪಾಡು ವ್ಯರ್ಥ.

ಅಳತೆ ಕೇಳುವವರಿಗೆ: ಒಣ ತೂಕದ 500 ಗ್ರಾಂ ಬೆಳ್ತಿಗೆ ಅಕ್ಕಿಗೆ 375 ಗ್ರಾಂ ಬೆಲ್ಲ. ಒಂದು ಹಿಡಿ ಹಿಟ್ಟು ಯಾವಾಗಲೂ ಎತ್ತಿಟ್ಟಿರಿ. ಒಲೆಯಿಂದ ಇಳಿಸಿದ ಪಾಕಕ್ಕೆ ಹಿಟ್ಟು ಸುರಿದು ಕಲಸಿದಾಗ ಇದು ಬಹಳ ಸಡಿಲವಾಯಿತು ಎಂದು ಗಾಬರಿಯಾಗುವಷ್ಟು ಸಡಿಲವಿದ್ದರೆ ಸರಿ. ಮರುದಿನಕ್ಕೆ ತಾನೇ ಬಿಗಿಯಾಗುತ್ತದೆ. ಮೇಲೆ ಎಣ್ಣೆ ಸವರಿ ಮುಚ್ಚಿಡಿ. ಕರಿಯುವಾಗ 160 ಡಿಗ್ರಿಯ ಹತ್ತಿರ, ಒಂದು ಸಲಕ್ಕೆ ಒಂದೇ; ಅಂಗಡಿಯ ಬೆಲ್ಲದ ಕಜ್ಜಾಯವಾದರೆ ಉರಿ ಇನ್ನೂ ಸಣ್ಣದಿರಲಿ. 114ಕ್ಕೆ ಏರಿಸಿದ ಮೇಲೆ ಅದೂ ಕರಗಲಿಲ್ಲ, ಆದರೆ ಬಣ್ಣ ಮಾತ್ರ ಕಾಫಿಪುಡಿಯ ಕಡೆಗೆ ಹೋಯಿತು. ಎರಡು ಜಾಲರಿ ಸೌಟುಗಳ ನಡುವೆ ಒತ್ತಿ ಎಣ್ಣೆ ಇಳಿಸುವುದನ್ನು ತಪ್ಪಿಸಬೇಡಿ. ಇದಕ್ಕೆಂದೇ ಇರುವ ಮರದ ಒತ್ತುಮಣೆ ಸಿಕ್ಕೀತೇ ಎಂದು ಪಾತ್ರೆ ಅಂಗಡಿಗಳಲ್ಲಿ ವಿಚಾರಿಸಿದರೆ ಎಲ್ಲರೂ ಚಕ್ಕುಲಿ ಒರಳನ್ನೇ ತಂದು ತೋರಿಸುತ್ತಾರೆ.

ಕೇದಾರೇಶ್ವರ ವ್ರತಕ್ಕೆ 21 ಕಜ್ಜಾಯ ಇಡುವ ಮನೆಗಳಲ್ಲಿ ಹಬ್ಬದ ದಿನವೇ ಪ್ರಯೋಗ ಬೇಡ. ಹಿಟ್ಟು ಕಲಸಿದ ಮರುದಿನವೇ ಒಂದು ಪುಟ್ಟ ಬಿಲ್ಲೆ ಕರಿದು ನೋಡಿ. ಅಂಚು ಬಿಟ್ಟುಕೊಂಡರೆ ಎತ್ತಿಟ್ಟ ಹಿಡಿ ಹಿಟ್ಟನ್ನು ಸೇರಿಸಿ ಚೆನ್ನಾಗಿ ನಾದಿ ಇನ್ನೊಂದು ರಾತ್ರಿ ಬಿಡಿ. ಅದೂ ಸಾಲದಿದ್ದರೆ ಎರಡು ಚಮಚ ಚಿರೋಟಿ ರವೆ. ಗಟ್ಟಿಯಾಗಿದ್ದರೆ ಚೆನ್ನಾಗಿ ಕಳಿತ ಬಾಳೆಹಣ್ಣಿನ ಒಂದು ತುಂಡು ಹಿಸುಕಿ ಹಾಕಿದರೆ ಮೆದುವಾಗುತ್ತದೆ.

ಉಳಿದ ಅಂಟು ಬೆಲ್ಲವನ್ನು ಎಸೆಯಲು ಮನಸ್ಸು ಬರುವುದಿಲ್ಲ, ಕೊಟ್ಟ ದುಡ್ಡು ನೆನಪಾಗುತ್ತದೆ. ಹಾಗಲಕಾಯಿ ಗೊಜ್ಜಿಗೆ, ಪುಳಿಯೋಗರೆ ಗೊಜ್ಜಿಗೆ ಅದು ಧಾರಾಳವಾಗಿ ಒಗ್ಗುತ್ತದೆ; ಅಲ್ಲಿ ಯಾರೂ ಉಂಡೆ ಕಟ್ಟಿ ನೋಡುವುದಿಲ್ಲ.